ಠಳಕವಾಡಿಯಿಂದ ಹೊರಟ ಕಾರ್ಖಾನೆ

ಖಾನಾಪುರ ರೋಡಿನಲ್ಲಿ ದಿನಾ ಓಡಾಡುವ ನಮಗೆ ಟಿಳಕವಾಡಿ ಅಂದ್ರೆ ಮೊದಲನೇ ಗೇಟು, ಎರಡನೇ ಗೇಟು, ಮೂರನೇ ಗೇಟು, ಅಷ್ಟೇ. ಅದನ್ನು ದಾಟಿದರೆ ಉದ್ಯಮಬಾಗ. ಅಲ್ಲಿನ ಫೌಂಡ್ರಿಗಳ ಬಾಗಿಲಲ್ಲಿ ನಮ್ಮಲ್ಲಿ ಅರ್ಧ ಜನ ಇಂಟರ್ನ್‌ಶಿಪ್ ಪತ್ರ ಹಿಡಿದು ನಿಂತವರೇ. ಇನ್ನೂ ಮುಂದೆ ಪೀರನವಾಡಿ, ಮಚ್ಛೆಯ ವಿಟಿಯು, ಆಮೇಲೆ ಖಾನಾಪುರ. ಈ ರಸ್ತೆಗೆ ಇಷ್ಟೆಲ್ಲ ಬರುವ ಮೊದಲು, ಟಿಳಕವಾಡಿಗೆ ಠಳಕವಾಡಿ ಅನ್ನುತ್ತಿದ್ದ ಕಾಲದಲ್ಲಿ, ಇಲ್ಲೊಂದು ಸಣ್ಣ ವರ್ಕ್‌ಶಾಪ್ ಇತ್ತು. ಅಲ್ಲಿ ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲು ತಯಾರಾಗುತ್ತಿದ್ದವು. 1910ರಲ್ಲಿ ಅದು ಊರು ಬಿಟ್ಟು ಹೋಯಿತು. ಅದು ಹೋದದ್ದು ನಷ್ಟವಾಗಿ ಅಲ್ಲ, ಮಾಲೀಕರಿಗೆ ಬೇಜಾರಾಗಿಯೂ ಅಲ್ಲ. ಆ ಜಾಗ ಹೊಸ ಬಡಾವಣೆಗೆ ಬೇಕು ಎಂದು ಬೆಳಗಾವಿ ಮುನ್ಸಿಪಾಲಿಟಿ ತೀರ್ಮಾನಿಸಿತ್ತು.

ವರ್ಕ್‌ಶಾಪಿನ ಮಾಲೀಕರು ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ. ಹೆಸರು ಎಲ್ಲರಿಗೂ ಗೊತ್ತು. ಹೊಲದ ಬಾವಿಯ ಪಂಪಿನ ಮೇಲೆ ಓದಿದ್ದೇವೆ, ಹಳೆಯ ಕಾಲೇಜುಗಳ ವರ್ಕ್‌ಶಾಪಿನಲ್ಲಿ ಲೇಥ್ ಮೇಲೂ ಓದಿದ್ದೇವೆ. ದೊಡ್ಡ ಉದ್ಯಮಿಯಾದರು ಎಂಬ ಕಾರಣಕ್ಕೆ ಈ ಸಂಚಿಕೆಗೆ ಅವರನ್ನು ಆರಿಸಿಕೊಂಡಿಲ್ಲ. ಅವರ ಬದುಕು ಮತ್ತೆ ಮತ್ತೆ ಯಾವುದೋ ಒಂದು ಆಡಳಿತದ ಬಾಗಿಲಿಗೆ ಬಂದು ನಿಲ್ಲುತ್ತದೆ: ಒಮ್ಮೆ ಕಾಲೇಜಿನ ನೌಕರಿ, ಒಮ್ಮೆ ಮುನ್ಸಿಪಾಲಿಟಿ, ಒಮ್ಮೆ ಸಂಸ್ಥಾನ, ಕೊನೆಗೆ ತಾವೇ ನಡೆಸಬೇಕಾದ ಒಂದು ಊರು. ಸಿವಿಲ್ ಮುಗಿಸಿ ಸಹಾಯಕ ಎಂಜಿನಿಯರ್ ಪರೀಕ್ಷೆಗೆ ಓದುತ್ತಿರುವವರು, ಪಾಲಿಕೆಯಲ್ಲೋ ಪಂಚಾಯತಿಯಲ್ಲೋ ಒಂದು ಮೇಜು ಸಿಕ್ಕರೆ ಸಾಕು ಅನ್ನುವವರು ನಮ್ಮಲ್ಲಿ ಕಡಿಮೆ ಇಲ್ಲ. ಅವರಿಗಾಗಿ ಈ ಕತೆ.

ಲಕ್ಷ್ಮಣರಾವ್ ಹುಟ್ಟಿದ್ದು 1869ರ ಜೂನ್ 20ರಂದು, ನಮ್ಮದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭಾ ಇಳಿದು ಹೋಗುವ ಸವದತ್ತಿ ಸೀಮೆ ಅದು. ಮನೆತನದ ಹೆಸರು ಬಂದದ್ದು ಕೊಂಕಣದ ಕಿರ್ಲೋಶಿ ಎಂಬ ಹಳ್ಳಿಯಿಂದ. ಮರಾಠಿ ಸಂಗೀತ ನಾಟಕ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಗುರ್ಲಹೊಸೂರಿನವರೇ, ಇದೇ ಮನೆತನದವರೇ. ತಂದೆ ವೇದಾಂತ ಓದಿಕೊಂಡವರು. ಹುಡುಗನಿಗೆ ಮಾತ್ರ ಚಿತ್ರ ಬರೆಯುವ ಹುಚ್ಚು, ಯಂತ್ರ ಬಿಚ್ಚುವ ಹುಚ್ಚು. 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಎರಡು ವರ್ಷವಾದ ಮೇಲೆ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ ಎಂದು ತಿಳಿಯಿತು. ಬಣ್ಣ ಬಿಟ್ಟರು, ಗೆರೆ ಬಿಡಲಿಲ್ಲ. ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿಗೆ, ಅಂದ್ರೆ ಈಗಿನ ವಿಜೆಟಿಐಗೆ, ಹೋಗಿ ಮೆಕ್ಯಾನಿಕಲ್ ಡ್ರಾಯಿಂಗ್ ಕಲಿತು ಅಲ್ಲೇ ಮೇಷ್ಟ್ರಾದರು. ಮೊದಲ ಸೆಮಿಸ್ಟರಿನ ಡ್ರಾಯಿಂಗ್ ಶೀಟಿಗೆ ಹೆದರುವವರು ಗಮನಿಸಬೇಕು, ಈ ಮನುಷ್ಯನ ಇಡೀ ಕಾರ್ಖಾನೆ ಎದ್ದದ್ದು ಆ ಶೀಟಿನ ಮೇಲೆ.

ಪಾಠ ಹೇಳುತ್ತಲೇ ಮುಂಬಯಿಯಲ್ಲಿ ಸೈಕಲ್ ನೋಡಿದರು. ಊರಿನಲ್ಲಿ ಅಣ್ಣ ರಾಮುಅಣ್ಣಾ ಇದ್ದರು. ಮುಂಬಯಿಯಿಂದ ಲಕ್ಷ್ಮಣರಾವ್ ಸೈಕಲ್ ಕಳಿಸುವುದು, ಬೆಳಗಾವಿಯಲ್ಲಿ ಅಣ್ಣ ಮಾರುವುದು, ಹೀಗೆ 1888ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಶುರುವಾಯಿತು. ಆಗಿನ ಸೈಕಲ್ ಅಂದ್ರೆ ಶ್ರೀಮಂತರ ಸೊತ್ತು. ಕೊಂಡವರಿಗೆ ಹತ್ತಲು ಕಲಿಸುವುದಕ್ಕೂ ಬೇರೆ ದುಡ್ಡು ತಗೊಳ್ಳುತ್ತಿದ್ದರು. ಈಗಿನವರು ಇದಕ್ಕೆ ಸರ್ವೀಸ್ ಪ್ಯಾಕೇಜ್ ಅನ್ನುತ್ತಾರೆ. ಬೆಳಗಾವಿ ಪೇಟೆಯಲ್ಲಿ ಇವತ್ತಿಗೂ ಕಿರ್ಲೋಸ್ಕರ ರೋಡ್ ಇದೆ. ಬಟ್ಟೆ ಖರೀದಿಗೆ ಹೋದಾಗ ಬೋರ್ಡು ನೋಡಿ.

ಆಮೇಲೆ ಮುಂಬಯಿಯ ನೌಕರಿಯಲ್ಲಿ ಒಂದು ಬಡ್ತಿ ಖಾಲಿ ಬಿತ್ತು. ಸರದಿಯಲ್ಲಿದ್ದವರು ಲಕ್ಷ್ಮಣರಾವ್. ಸಿಕ್ಕಿದ್ದು ಒಬ್ಬ ಆಂಗ್ಲೋ ಇಂಡಿಯನ್‌ಗೆ. ಕೆಲಸ ಬಲ್ಲವನನ್ನು ಬಿಟ್ಟು ಬೇರೆ ಲೆಕ್ಕಾಚಾರದಿಂದ ಹುದ್ದೆ ತುಂಬುವುದು ಆ ಆಡಳಿತದಲ್ಲಿ ಮಾಮೂಲು ಸಂಗತಿ. ರಾಜೀನಾಮೆ ಕೊಟ್ಟು ಊರಿಗೆ ಬಂದರು. ತಿಂಗಳ ಸಂಬಳ ಬಿಟ್ಟು ಸೈಕಲ್ ಅಂಗಡಿಗೆ ಬಂದ ಮಗನ ಬಗ್ಗೆ ಆ ಕಾಲದ ನೆಂಟರಿಷ್ಟರು ಏನಂದಿರಬಹುದು ಅನ್ನುವುದು ನಮಗೆ ನಿಮಗೆ ಗೊತ್ತಾಗದ ವಿಷಯವೇನಲ್ಲ.

ಬೆಳಗಾವಿಯ ಆ ವರ್ಷಗಳಲ್ಲಿ ಅವರು ಕೈ ಹಾಕದ ಕೆಲಸ ಕಡಿಮೆ. ಅಮೆರಿಕದ ಗಾಳಿಯಂತ್ರಗಳ ಏಜೆನ್ಸಿ ತಗೊಂಡರು, ಗುಂಡಿ ಮಾಡಿದರು, ಔಷಧದ ಗುಳಿಗೆಗೆ ಸಣ್ಣ ಡಬ್ಬಿ ಮಾಡಿದರು. ಯಾವುದೂ ಹೇಳಿಕೊಳ್ಳುವಂತೆ ನಡೆಯಲಿಲ್ಲ. ಕೊನೆಗೆ ಕೈ ಹಿಡಿದದ್ದು ರೈತರ ಸಾಮಾನು. ಮೊದಲು ಕಣಕಿ ಕತ್ತರಿಸುವ ಯಂತ್ರ ಬಂತು. ನಮ್ಮ ಕಡೆ ಜೋಳದ ಕಣಕಿಯನ್ನು ಇಡಿಯಾಗಿ ಹಾಕಿದರೆ ಎತ್ತು ಎಲೆ ತಿಂದು ದಂಟು ತುಳಿಯುತ್ತದೆ, ಸಣ್ಣಗೆ ಕತ್ತರಿಸಿ ಹಾಕಿದರೆ ಎಲ್ಲ ತಿನ್ನುತ್ತದೆ. ಮೇವು ಉಳಿಯುವುದು ಮೊದಲ ವಾರದಲ್ಲೇ ಕಣ್ಣಿಗೆ ಕಾಣುತ್ತದೆ. ಹಾಗಾಗಿ ಆ ಯಂತ್ರಕ್ಕೆ ವಾದ ಮಾಡುವ ಅಗತ್ಯ ಬೀಳಲಿಲ್ಲ.

1903ರ ಹೊತ್ತಿಗೆ ಬಂದ ಕಬ್ಬಿಣದ ನೇಗಿಲಿನ ಕತೆ ಬೇರೆ. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಏರುತ್ತದೆ ಎಂದು ರೈತರು ಮುಟ್ಟಲಿಲ್ಲ. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಈ ಘಟನೆಯನ್ನು ಹೇಳುವವರೆಲ್ಲ ಇಲ್ಲಿ ರೈತರ ಮೂಢನಂಬಿಕೆ ಎಂದು ನಕ್ಕು ಮುಂದೆ ಹೋಗುತ್ತಾರೆ. ನಮಗೆ ಅದು ಅಷ್ಟು ಸರಳ ಅನ್ನಿಸುವುದಿಲ್ಲ. ಕಟ್ಟಿಗೆಯ ರಂಟಿ ಮುರಿದರೆ ಊರ ಬಡಿಗೇರ ಅದೇ ದಿನ ಸರಿ ಮಾಡಿಕೊಡುತ್ತಾನೆ, ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಆಯದ ಕಾಳು ಕೊಟ್ಟರೆ ಲೆಕ್ಕ ಮುಗೀತು. ಪೇಟೆಯಿಂದ ತಂದ ಕಬ್ಬಿಣದ ನೇಗಿಲು ಬಿತ್ತುವ ಹೊತ್ತಿನಲ್ಲಿ ಮುರಿದರೆ ಯಾರ ಬಾಗಿಲಿಗೆ ಹೋಗಬೇಕು? ಜೊತೆಗೆ ಅದನ್ನು ಎಳೆಯಲು ಹೆಚ್ಚು ಎತ್ತು ಬೇಕು. ಕಬ್ಬಿಣದ ನೇಗಿಲಿನ ಲಾಭವೂ ನಿಜ. ರಂಟಿ ಮಣ್ಣನ್ನು ಗೀರುತ್ತದೆ, ಇದು ಮಣ್ಣನ್ನು ಮಗುಚಿ ಹಾಕುತ್ತದೆ. ಎರಿ ಭೂಮಿಯಲ್ಲಿ ಆಳಕ್ಕೆ ಬೇರು ಬಿಡುವ ಕರಿಕೆ ಕೀಳಲು ಇದಕ್ಕಿಂತ ಒಳ್ಳೆ ಉಪಾಯ ಆಗ ಇರಲಿಲ್ಲ. ಆದರೆ ಲಾಭ ಕಾಣುವುದು ಮುಂದಿನ ಬೆಳೆಗೆ, ಖರ್ಚು ಕಾಣುವುದು ಇವತ್ತೇ. ವಿಷದ ಮಾತಿನ ಹಿಂದೆ ಈ ಲೆಕ್ಕವೂ ಇದ್ದಿರಬೇಕು. ಹೊಸ ಸಾಫ್ಟ್‌ವೇರ್ ಬಂದಾಗ ಕಚೇರಿಯ ಹಳೇ ಗುಮಾಸ್ತರು ರಿಜಿಸ್ಟರ್ ಬಿಡುವುದಿಲ್ಲ ಎಂದು ನಗುವ ಮೊದಲು ಈ ರೈತರನ್ನು ನೆನಪು ಮಾಡಿಕೊಳ್ಳಬೇಕು.

ಅಂತೂ ನೇಗಿಲು ಹೊಲಕ್ಕೆ ಇಳಿಯಿತು, ಕೈಯಲ್ಲಿ ಕೆಲಸ ಬಂತು. ಊರ ಹೊರಗೆ ಠಳಕವಾಡಿಯಲ್ಲಿ ಶೆಡ್ಡು ನಿಂತಿತ್ತು. ಮುನ್ಸಿಪಾಲಿಟಿ ಪ್ರವೇಶವಾಗುವುದು ಇಲ್ಲಿ.

ಬೆಳಗಾವಿ ಮುನ್ಸಿಪಾಲಿಟಿ ಹುಟ್ಟಿದ್ದು 1851ರಲ್ಲಿ. 1910ರ ಹೊತ್ತಿಗೆ ಅದು ನಡೆಯುತ್ತಿದ್ದದ್ದು ಮುಂಬಯಿ ಪ್ರಾಂತ್ಯದ 1901ರ ಜಿಲ್ಲಾ ಮುನ್ಸಿಪಲ್ ಕಾಯ್ದೆಯ ಕೆಳಗೆ. ಸದಸ್ಯರಲ್ಲಿ ಕೆಲವರು ಚುನಾಯಿತರು, ಕೆಲವರು ಸರ್ಕಾರ ನೇಮಿಸಿದವರು, ಓಟು ಹಾಕುವ ಹಕ್ಕು ಇದ್ದದ್ದು ಕೆಲವೇ ಜನಕ್ಕೆ. ಅವರ ಮುಂದಿದ್ದ ಕೆಲಸ ಏನು ಅಂತ ನೋಡಿದರೆ ಗಟಾರು, ನೀರು, ದೀಪ, ಕಸ, ರಸ್ತೆ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಪ್ರಾಂತ್ಯದ ಊರೂರಿಗೂ ಹರಡಿತ್ತು. ಇಕ್ಕಟ್ಟಾದ ಗಲ್ಲಿ ಬಿಟ್ಟು ಗಾಳಿ ಬೆಳಕು ಇರುವ ಕಡೆ ಮನೆ ಕಟ್ಟಿಸಬೇಕು ಎಂಬುದು ಆಗ ಬರೀ ಅಲಂಕಾರದ ಮಾತಾಗಿರಲಿಲ್ಲ, ಜೀವದ ಪ್ರಶ್ನೆಯಾಗಿತ್ತು. ಅಂತಹ ಹೊತ್ತಿನಲ್ಲಿ ಒಂದು ಊರು ಹೊಸ ಬಡಾವಣೆಗೆ ಜಾಗ ಗುರುತಿಸಿದರೆ ಬೈಯಲಾಗದು. ಮನೆಗಳ ನಡುವೆ ಕುಲುಮೆ, ಹೊಗೆ, ಸುತ್ತಿಗೆ ಸದ್ದು ಬೇಡ ಅನ್ನುವುದನ್ನು ನಮ್ಮ ಟೌನ್ ಪ್ಲ್ಯಾನಿಂಗ್ ಇಲೆಕ್ಟಿವ್ ಕೂಡ ಹೇಳುತ್ತದೆ. ಉದ್ಯಮಬಾಗ ಒಂದು ಕಡೆ, ಟಿಳಕವಾಡಿಯ ಮನೆಗಳು ಇನ್ನೊಂದು ಕಡೆ ಇರುವುದು ಅದೇ ಕಾರಣಕ್ಕೆ.

ಹಾಗಿದ್ದರೆ ಕೊರತೆ ಎಲ್ಲಿತ್ತು? ನಮಗೆ ಅನ್ನಿಸುವುದು ಇಷ್ಟು. ಶೆಡ್ಡು ಇಲ್ಲಿ ಬೇಡ ಎಂದು ಹೇಳುವ ಅಧಿಕಾರ ಮುನ್ಸಿಪಾಲಿಟಿಗೆ ಇತ್ತು. ಶೆಡ್ಡು ಎಲ್ಲಿಗೆ ಹೋಗಬೇಕು ಎಂದು ಯೋಚಿಸುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ. ಬಡಾವಣೆಗೆ ಕಾನೂನಿತ್ತು, ತೆರಿಗೆಗೆ ಕಾನೂನಿತ್ತು. ಜನಕ್ಕೆ ಕೆಲಸ ಕೊಡುವ, ರೈತರ ಸಾಮಾನು ಮಾಡುವ ಹತ್ತಿಪ್ಪತ್ತು ಕೈಗಳ ಗುಂಪಿಗೆ ಕಾನೂನಿನಲ್ಲಿ ಹೆಸರೇ ಇರಲಿಲ್ಲ. ಕಡತದ ಭಾಷೆಯಲ್ಲಿ ಅದು ತೆರವು ಮಾಡಬೇಕಾದ ಜಾಗ, ಅಷ್ಟೇ. ನಾಳೆ ನಮ್ಮಲ್ಲಿ ಯಾರಾದರೂ ಲೇಔಟ್ ನಕ್ಷೆಗೆ ಸಹಿ ಹಾಕುವ ಮೇಜಿನಲ್ಲಿ ಕುಳಿತರೆ, ನಕ್ಷೆಯಲ್ಲಿ ಒಂದು ಚೌಕವಾಗಿ ಕಾಣುವುದರ ಒಳಗೆ ಲೇಥ್ ಇದೆಯೋ ದನದ ಕೊಟ್ಟಿಗೆ ಇದೆಯೋ ಗೊತ್ತಾಗಲಿಕ್ಕಿಲ್ಲ. ಎದ್ದು ಹೋಗಿ ನೋಡಿದರೆ ಮಾತ್ರ ಗೊತ್ತಾದೀತು.

ನೋಡಿದ್ದವರೊಬ್ಬರು ಬೇರೆ ಕಡೆ ಇದ್ದರು. ಔಂಧ ಎಂಬ ಪುಟ್ಟ ಸಂಸ್ಥಾನ, ಸಾತಾರಾ ಸೀಮೆಯಲ್ಲಿ ಅಲ್ಲೊಂದು ಇಲ್ಲೊಂದು ತುಂಡಾಗಿ ಹರಡಿಕೊಂಡಿತ್ತು. 1909ರಲ್ಲಿ ಪಟ್ಟಕ್ಕೆ ಬಂದ ಬಾಳಾಸಾಹೇಬ ಪಂತ ಪ್ರತಿನಿಧಿ ಸ್ವತಃ ಚಿತ್ರಕಾರರು, ಸೂರ್ಯನಮಸ್ಕಾರದ ಪ್ರಚಾರಕ್ಕೆ ಹೆಸರಾದವರು. ಔಂಧದಲ್ಲಿ ಕಟ್ಟಡದ ಕೆಲಸವೊಂದನ್ನು ಲಕ್ಷ್ಮಣರಾವ್ ಮಾಡಿಕೊಟ್ಟಿದ್ದರಿಂದ ಇವರ ಕೈಗುಣ ಅವರಿಗೆ ಗೊತ್ತಿತ್ತು. ಬೆಳಗಾವಿಯಲ್ಲಿ ಜಾಗ ಹೋಯಿತೆಂದು ತಿಳಿದಾಗ ತಮ್ಮ ಸಂಸ್ಥಾನದಲ್ಲಿ ಜಾಗ ಕೊಟ್ಟರು, ಬಡ್ಡಿಯಿಲ್ಲದ ಸಾಲವನ್ನೂ ಕೊಟ್ಟರು. ಲಕ್ಷ್ಮಣರಾವ್ ಆರಿಸಿಕೊಂಡದ್ದು ಕುಂಡಲ ರೋಡ್ ಎಂಬ ಸಣ್ಣ ಸ್ಟೇಷನ್ ಪಕ್ಕದ 32 ಎಕರೆ ಬೀಳು. ಲೋಂಡಾದಿಂದ ಖಾನಾಪುರ, ಬೆಳಗಾವಿ, ಘಟಪ್ರಭಾ, ಮೀರಜ ದಾಟಿ ಪುಣೆಗೆ ಹೋಗುವ ಹಳಿಯ ಮೇಲೆಯೇ ಆ ಸ್ಟೇಷನ್. ಅಂದ್ರೆ ರಾಜ್ಯ ಬದಲಾಯಿತು, ರೈಲು ಬದಲಾಗಲಿಲ್ಲ. ಯಂತ್ರ ಸಾಗಿಸುವ ಮನುಷ್ಯ ಮೊದಲು ನೋಡುವುದು ಹಳಿಯನ್ನೇ.

ಆ 32 ಎಕರೆಯಲ್ಲಿ ಇದ್ದದ್ದು ಪಾಪಾಸುಕಳ್ಳಿ ಮತ್ತು ನಾಗರಹಾವು. 1910ರ ಮಾರ್ಚಿನಲ್ಲಿ ಸುಮಾರು 25 ಕೆಲಸಗಾರರು ಹೆಂಡತಿ ಮಕ್ಕಳ ಸಮೇತ ಅಲ್ಲಿಗೆ ಹೋದರು. ಸಂಬಳ ಕೊಡುವವನ ಹಿಂದೆ ಅಂತಹ ಬೀಳಿಗೆ ಅಷ್ಟು ಸಂಸಾರ ಹೊರಟದ್ದು ನಮಗೆ ಈ ಇಡೀ ಕತೆಯಲ್ಲಿ ಅತ್ಯಂತ ಆಶ್ಚರ್ಯದ ಸಂಗತಿ. ಹೊಸ ಊರಿಗೆ ಕಿರ್ಲೋಸ್ಕರವಾಡಿ ಎಂದು ಹೆಸರಾಯಿತು. ಮುಂದೆ ಸ್ಟೇಷನ್ನಿನ ಹೆಸರೂ ಅದೇ ಆಯಿತು.

ಈಗ ಮುನ್ಸಿಪಾಲಿಟಿಯ ಕೆಲಸ ಇವರ ತಲೆಗೇ ಬಂತು ನೋಡಿ. ಕುಡಿಯುವ ನೀರು ಎಲ್ಲಿಂದ? ಮನೆಗಳ ಸಾಲು ಹೇಗೆ? ಪಾಯಖಾನೆ ಎಲ್ಲಿ? ಮಕ್ಕಳಿಗೆ ಶಾಲೆ? ರಾತ್ರಿ ಕಾವಲು ಯಾರು? ಊರಿನ ಆಡಳಿತ ಹೊತ್ತವರು ರಾಮುಅಣ್ಣಾ. ತಮ್ಮ ಕಾರ್ಖಾನೆ ನೋಡಿಕೊಂಡರೆ ಅಣ್ಣ ಊರು ನೋಡಿಕೊಂಡರು. ಚಾಕೊಲೇಟಿನ ಕ್ಯಾಡ್‌ಬರಿಯವರು ಇಂಗ್ಲೆಂಡಿನಲ್ಲಿ ಕೆಲಸಗಾರರಿಗಾಗಿ ಬೋರ್ನ್‌ವಿಲ್ ಎಂಬ ಊರು ಕಟ್ಟಿದ್ದರು. ಆ ಮಾದರಿಯ ಊರು ಇಲ್ಲಿ ಕಳ್ಳಿಯ ನಡುವೆ ಎದ್ದಿತು. ಅಸ್ಪೃಶ್ಯತೆಗೆ ಅಲ್ಲಿ ಜಾಗವಿಲ್ಲ ಎಂಬ ನಿಯಮ ಇತ್ತು. 1910ರ ಸುಮಾರಿನ ಹಳ್ಳಿಗಾಡಿನಲ್ಲಿ ಇದು ಸಣ್ಣ ಮಾತಲ್ಲ.

ಜನರನ್ನು ಆರಿಸುವುದರಲ್ಲಿ ಲಕ್ಷ್ಮಣರಾವ್ ಅವರದು ಬೇರೆಯೇ ದಾರಿ. ಅನಂತರಾವ್ ಫಳಣೀಕರ ಶಾಲೆ ಅರ್ಧಕ್ಕೆ ಬಿಟ್ಟ ಹುಡುಗ, ಕಾರ್ಖಾನೆಯಲ್ಲಿ ಎಂಜಿನಿಯರಿಂಗ್ ಕೆಲಸ ಹೊತ್ತರು. ಶಂಭುರಾವ್ ಜಾಂಭೇಕರ ಯಂತ್ರ ರಿಪೇರಿಯಿಂದ ಬೆಳೆದು ಎಂಜಿನಿಯರ್ ಆದರು. ಬೆಳಗಾವಿಯ ಮಂಗೇಶರಾವ್ ರೇಗೆ ಗುಮಾಸ್ತಿಕೆ, ಲೆಕ್ಕಪತ್ರ ಎರಡನ್ನೂ ಹಿಡಿದರು. ರಾತ್ರಿ ಪಹರೆಗೆ ಜೈಲು ಕಂಡು ಬಂದವರನ್ನು ಇಟ್ಟುಕೊಂಡರು, ಅವರು ನಂಬಿಕೆ ಉಳಿಸಿಕೊಂಡರು. ಕ್ಯಾಂಪಸ್ ಪ್ಲೇಸ್‌ಮೆಂಟಿನಲ್ಲಿ ಸಿಜಿಪಿಎ ಕಟ್‌ಆಫ್ ಕೆಳಗೆ ಬಿದ್ದವರಿಗೆ ಈ ಪ್ಯಾರಾ ಇಷ್ಟವಾಗುತ್ತದೆ ಎಂದು ಗೊತ್ತು. ಆದರೆ ಒಂದು ಮಾತು: ಇವರೆಲ್ಲರ ಕೆಲಸವನ್ನು ಲಕ್ಷ್ಮಣರಾವ್ ದಿನಾ ಪಕ್ಕದಲ್ಲಿ ನಿಂತು ನೋಡಬಲ್ಲವರಾಗಿದ್ದರು. ಸಾವಿರಾರು ಅರ್ಜಿ ಬರುವ ಕಡೆ ಹಾಗೆ ನೋಡುವುದು ಕಷ್ಟ. ಸರ್ಕಾರಿ ನೇಮಕಾತಿ ಅಂಕಪಟ್ಟಿ ಹಿಡಿದು ಕೂರುವುದಕ್ಕೆ ಅದೂ ಒಂದು ಕಾರಣ. ಶಿಫಾರಸಿಗೆ ಬಾಗಿಲು ಮುಚ್ಚುವುದು ಇನ್ನೊಂದು ಕಾರಣ.

ಇಲ್ಲಿ ನಮ್ಮ ಒಳಗೇ ಸಂಪಾದಕೀಯ ಜಗಳ ಆಯಿತು. ಸಿವಿಲ್ ಗೆಳೆಯರ ವಾದ ಹೀಗಿತ್ತು: ಕಿರ್ಲೋಸ್ಕರವಾಡಿಯಲ್ಲಿ ಬೇಗ ಬೇಗ ಕೆಲಸ ಆದದ್ದಕ್ಕೆ ಕಾರಣ ಅಲ್ಲಿ ಯಾರಿಗೂ ಓಟಿಲ್ಲದ್ದು. ನೀರು, ಮನೆ, ಶಾಲೆ, ಕೂಲಿ ಎಲ್ಲ ಒಬ್ಬನೇ ಧಣಿಯ ಕೈಯಲ್ಲಿದ್ದರೆ ನಕ್ಷೆ ಪಾಸು ಮಾಡಲು ಎಷ್ಟು ಹೊತ್ತು? ಧಣಿ ಒಳ್ಳೆಯವರಾಗಿದ್ದರು, ಸರಿ. ಒಳ್ಳೆಯವರಲ್ಲದಿದ್ದರೆ ಆ 25 ಸಂಸಾರ ಯಾರ ಬಳಿ ದೂರು ಕೊಡಬೇಕಿತ್ತು? ಬೆಳಗಾವಿ ಮುನ್ಸಿಪಾಲಿಟಿಯ ನಿಧಾನದೊಳಗೆ ಹತ್ತು ಜನರಿಗೆ ಉತ್ತರ ಹೇಳಬೇಕಾದ ಭಾರವೂ ಸೇರಿತ್ತು. ಮೆಕ್ಯಾನಿಕಲ್‌ನವರು ಒಪ್ಪಲಿಲ್ಲ. ಆಗ ಓಟಿದ್ದದ್ದು ಎಷ್ಟು ಜನಕ್ಕೆ, ಉತ್ತರ ಹೇಳಿದ್ದಾದರೂ ಯಾರಿಗೆ ಅಂದರು. ಎರಡೂ ಕಡೆ ಸತ್ಯ ಇದೆ. ಜಗಳ ಕ್ಯಾಂಟೀನಿನಲ್ಲಿ ಇನ್ನೂ ನಡೆದಿದೆ.

ಕುತೂಹಲದ ಸಂಗತಿ ಏನೆಂದರೆ ಈ ಪ್ರಶ್ನೆಗೆ ಔಂಧವೇ ಮುಂದೆ ಒಂದು ಉತ್ತರ ಪ್ರಯತ್ನಿಸಿತು. 1939ರಲ್ಲಿ, ಗಾಂಧೀಜಿಯವರ ಸಲಹೆ ಪಡೆದು, ಅದೇ ರಾಜರು ಅಧಿಕಾರವನ್ನು ಹಳ್ಳಿಯ ಪಂಚಾಯತಿಗಳಿಗೆ ಬಿಟ್ಟುಕೊಡುವ ಸಂವಿಧಾನ ತಂದರು. ಅದನ್ನು ರೂಪಿಸಲು ಜೊತೆ ನಿಂತವರಲ್ಲಿ ಒಬ್ಬರು ಮಾರಿಸ್ ಫ್ರೀಡ್‌ಮನ್, ಪೋಲೆಂಡಿನ ಎಂಜಿನಿಯರ್. ಬೆಂಗಳೂರಿನ ಸರ್ಕಾರಿ ಎಲೆಕ್ಟ್ರಿಕ್ ಫ್ಯಾಕ್ಟರಿ ನಡೆಸಲು ಮೈಸೂರಿಗೆ ಬಂದಿದ್ದವರು. ಎಂಜಿನಿಯರ್ ಒಬ್ಬ ಪಂಚಾಯತಿ ವ್ಯವಸ್ಥೆಯ ನಕ್ಷೆ ಬರೆದದ್ದು ನಮ್ಮ ಸಿಲಬಸ್ಸಿನಲ್ಲಿ ಬರುವುದಿಲ್ಲ, ಬರಬೇಕಿತ್ತು.

ಕಾರ್ಖಾನೆಯ ಮುಂದಿನ ಬೆಳವಣಿಗೆ ನಿಮಗೆ ಅಂತರ್ಜಾಲದಲ್ಲೇ ಸಿಗುತ್ತದೆ, ಬೇಗ ಹೇಳಿ ಮುಗಿಸುತ್ತೇವೆ. ಮೊದಲ ಮಹಾಯುದ್ಧದಲ್ಲಿ ವಿದೇಶಿ ಸಾಮಾನು ಬರುವುದು ನಿಂತಿತು, ದೇಶೀ ನೇಗಿಲಿಗೆ ಬೇಡಿಕೆ ಏರಿತು. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ಅದೇ ವರ್ಷ ಶುರುವಾದ ಕಂಪನಿಯ ಸುದ್ದಿಪತ್ರ ಮುಂದೆ ಮರಾಠಿಯ ಹೆಸರಾಂತ ಮಾಸಪತ್ರಿಕೆಯಾಗಿ ಬೆಳೆಯಿತು. ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಮೆಕ್ಯಾನಿಕಲ್ ಓದಿ 1926ರಲ್ಲಿ ಪದವಿ ಪಡೆದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಹುಟ್ಟಿತು. ವರ್ಕ್‌ಶಾಪ್ ಲೇಥುಗಳು ಬಂದದ್ದು ಅಲ್ಲಿಂದ. ಆ ಕಾರ್ಖಾನೆ ಈಗ ಮುಚ್ಚಿದೆ. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್, ಪುಣೆಯಲ್ಲಿ ಆಯಿಲ್ ಎಂಜಿನ್ಸ್ ಬಂದವು.

ಒಂದು ವರ್ಷವನ್ನು ಮಾತ್ರ ಹಾರಿಸಲಾಗದು. 1948ರ ಆರಂಭದಲ್ಲಿ, ಗಾಂಧೀಜಿಯವರ ಹತ್ಯೆಯಾದ ಮೇಲೆ ದಕ್ಷಿಣ ಮಹಾರಾಷ್ಟ್ರದಲ್ಲಿ ಬ್ರಾಹ್ಮಣರ ವಿರುದ್ಧ ದಂಗೆ ಎದ್ದಿತು. ಗುಂಪು ಕಿರ್ಲೋಸ್ಕರವಾಡಿಗೂ ನುಗ್ಗಿ ಕಾರ್ಖಾನೆಗೆ ಬೆಂಕಿ ಇಟ್ಟಿತು. ಲಕ್ಷ್ಮಣರಾವ್ ಅವರಿಗೆ ಆಗ 78 ವರ್ಷ. ಬೇಲಿಯೊಳಗಿನ ಊರು ಎಷ್ಟೇ ಶಿಸ್ತಿನದಾದರೂ ಬೇಲಿಯ ಹೊರಗಿನ ಸಿಟ್ಟನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ. ಕಾರ್ಖಾನೆಯನ್ನು ಮತ್ತೆ ಎಬ್ಬಿಸಿದರು. ಅದು ಇವತ್ತಿಗೂ ನಡೆಯುತ್ತಿದೆ, ಪಂಪು ತಯಾರಿಸುತ್ತದೆ.

ಇತ್ತ ಬೆಳಗಾವಿಯಲ್ಲಿ ಠಳಕವಾಡಿ ಟಿಳಕವಾಡಿಯಾಯಿತು. ಬಡಾವಣೆ ಚೆನ್ನಾಗಿಯೇ ಬೆಳೆಯಿತು. ಅಗಲ ರಸ್ತೆ, ಮರ, ಕಾಲೇಜು, ಆಸ್ಪತ್ರೆ ಬಂದವು. ಪಿ.ಜಿ.ಯಲ್ಲಿರುವ ನಮ್ಮಲ್ಲಿ ಎಷ್ಟೋ ಜನ ಮಲಗುವುದೇ ಅಲ್ಲಿ. ಮುನ್ಸಿಪಾಲಿಟಿ ಅಂದುಕೊಂಡದ್ದನ್ನು ಸಾಧಿಸಿತು ಎಂದೇ ಹೇಳಬೇಕು. ಕಾರ್ಖಾನೆಗಳಿಗೆ ಜಾಗ ಬೇಕು ಎಂಬುದು ಆಮೇಲೆ ಹೊಳೆದು, ಅದೇ ರಸ್ತೆಯ ಮುಂದೆ ಉದ್ಯಮಬಾಗ ಎದ್ದಿತು. 2016ರಲ್ಲಿ ಸ್ಮಾರ್ಟ್ ಸಿಟಿಗೆ ಮೊದಲ ಸುತ್ತಿನಲ್ಲಿ ಆಯ್ಕೆಯಾದ 20 ನಗರಗಳಲ್ಲಿ ಬೆಳಗಾವಿಯೂ ಒಂದಾಯಿತು. ಆದರೂ ಎಂಟನೇ ಸೆಮಿಸ್ಟರ್ ಮುಗಿದ ಮೇಲೆ ಪುಣೆಗೋ ಬೆಂಗಳೂರಿಗೋ ಎಂಬುದೇ ನಮ್ಮ ಹಾಸ್ಟೆಲ್ಲಿನ ಮಾತು. ಖಾನಾಪುರದ ಹೆಂಚು, ಮಡಕೆಯ ಕೆಲಸದ ಮನೆಗಳಿಂದ ಬಂದ ಗೆಳೆಯರದೂ ಅದೇ ಮಾತು. ಅವರು ಹತ್ತುವ ಪುಣೆ ರೈಲು ಕಿರ್ಲೋಸ್ಕರವಾಡಿಯ ಮೇಲೆಯೇ ಹೋಗುತ್ತದೆ.

ಲಕ್ಷ್ಮಣರಾವ್ ತೀರಿಕೊಂಡದ್ದು 1956ರ ಸೆಪ್ಟೆಂಬರ್ 26ರಂದು. ಐದು ವಾರ ಕಳೆದು ನವೆಂಬರ್ 1 ಬಂತು, ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅವರು ಹುಟ್ಟಿದ ಗುರ್ಲಹೊಸೂರು, ಶೆಡ್ಡು ಹಾಕಿದ್ದ ಠಳಕವಾಡಿ ಗಡಿಯ ಈಚೆ ಉಳಿದವು. ಕಿರ್ಲೋಸ್ಕರವಾಡಿ ಆಚೆ ಉಳಿಯಿತು.